ಅಜ್ಜಿಯ ಹಣೆ

“ಗುರುಗಳೇ, ಮಗು ಬರೆದ ಅಕ್ಷರ ಸೊಟ್ಟಗಾದರೆ ನಾನೇ ತಿದ್ದಿಬಿಡುತ್ತೇನೆ. ಹಾಗೆ ಮಾಡಬೇಡವೆಂದು ನೀವು ಹೇಳಿದಿರಂತೆ. ಅದರಲ್ಲಿ ತಪ್ಪೇನು?”

ಕೇಳಿದವನು ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಶಿಷ್ಯ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಅಮೆರಿಕದ ಒಂದು ಊರಿನಲ್ಲಿ ಚಿಕಾನೊ ಎಂಬ ಜನರ ಕೇರಿಯಿದೆ. ಅವರ ಹಿರಿಯರು ಮೆಕ್ಸಿಕೊ ದೇಶದವರು. ಇವರು ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲ ಅಮೆರಿಕದಲ್ಲೇ. ಆದರೂ ‘ನೀವು ಎಲ್ಲಿಯವರು’ ಎಂದು ಕೇಳುವವರಿಗೆ ಬರವಿಲ್ಲ. ಊರಿನ ದೊಡ್ಡ ಕಟ್ಟಡಗಳಲ್ಲಿ ತೂಗುಹಾಕಿದ ಪಟಗಳಲ್ಲಿ ಇವರ ಮುಖ ಒಂದೂ ಇರಲಿಲ್ಲ. ಬೇರೆಯವರು ತಮ್ಮ ಚಿತ್ರ ಬರೆಯಲಿ ಎಂದು ಇವರು ಕಾಯಲಿಲ್ಲ. ತಮ್ಮ ಕೇರಿಯ ಗೋಡೆಗಳ ಮೇಲೆ ತಮ್ಮವರನ್ನು ತಾವೇ ಬರೆದುಕೊಂಡರು. ಆಳೆತ್ತರಕ್ಕಲ್ಲ, ಮನೆಯೆತ್ತರಕ್ಕೆ.

ಹಾಗೆ ಬರೆಯುವುದನ್ನು ಹುಡುಗ ಹುಡುಗಿಯರಿಗೆ ಕಲಿಸುವ ಒಬ್ಬ ಚಿತ್ರಗಾರ್ತಿ ಅಲ್ಲಿದ್ದಳು. ಒಂದು ವರ್ಷ ಬೇಕರಿಯವನೊಬ್ಬ ತನ್ನ ಅಂಗಡಿಯ ಪಕ್ಕದ ಗೋಡೆಯನ್ನು ಕೊಟ್ಟ. ಒಬ್ಬೊಬ್ಬರೂ ತಮ್ಮ ಮನೆಯ ಒಬ್ಬರ ಮುಖವನ್ನು ಬರೆಯಬೇಕೆಂದು ಚಿತ್ರಗಾರ್ತಿ ಹೇಳಿದಳು. ಒಬ್ಬ ಹುಡುಗಿ ತನ್ನ ಅಜ್ಜಿಯನ್ನು ಆರಿಸಿಕೊಂಡಳು. ಆ ಅಜ್ಜಿ ಸ್ಟ್ರಾಬೆರಿ ಹೊಲಗಳಲ್ಲಿ ಹಣ್ಣು ಕಿತ್ತು ಮೊಮ್ಮಗಳನ್ನು ಸಾಕಿದವಳು. ಅವಳ ಮುಖಕ್ಕೆ ಗೋಡೆಯ ಮೇಲ್ತುದಿಯಲ್ಲಿ ಜಾಗ ಸಿಕ್ಕಿತು.

ಅಷ್ಟು ಎತ್ತರದಲ್ಲಿ ಬರೆಯುವ ಮುಖಕ್ಕೆ ಒಂದು ಲೆಕ್ಕವಿದೆ. ಹಣೆಯನ್ನು ಇರುವುದಕ್ಕಿಂತ ಉದ್ದವಾಗಿ ಬರೆಯಬೇಕು. ಕೆಳಗೆ ನಿಂತವರಿಗೆ ಅದು ಕುಗ್ಗಿ, ಸರಿಯಾಗಿ ಕಾಣುತ್ತದೆ. ಚಿತ್ರಗಾರ್ತಿ ಇದನ್ನು ಹೇಳಿಕೊಟ್ಟಿದ್ದಳು, ಗೋಡೆಯ ಮೇಲೆ ಗುರುತೂ ಹಾಕಿಸಿದ್ದಳು. ಆದರೆ ಹುಡುಗಿ ಸಾರುವೆ ಹತ್ತಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಾಗ ಆ ಹಣೆ ಅವಳಿಗೆ ವಿಕಾರವಾಗಿ ಕಂಡಿತು. ನನ್ನ ಅಜ್ಜಿಯ ಹಣೆ ನನಗೆ ಗೊತ್ತಿಲ್ಲವೇ ಎಂದುಕೊಂಡಳು. ಗುರುತನ್ನು ಬಿಟ್ಟು, ತಾನು ಕಂಡಷ್ಟೇ ಬರೆದಳು. ಚಿತ್ರಗಾರ್ತಿ ಆಗ ಗೋಡೆಯ ಇನ್ನೊಂದು ಕೊನೆಯಲ್ಲಿದ್ದಳು. ಪ್ರೀತಿಯಿಂದ ಮಾಡಿದ ತಪ್ಪು ನೋಡು, ಅಂಥದ್ದನ್ನು ಬಿಡಿಸುವುದೇ ಕಷ್ಟ.

ಗೋಡೆಯನ್ನು ಕೇರಿಗೆ ತೋರಿಸುವ ಹಿಂದಿನ ದಿನ ಅಜ್ಜಿ ಬಂದಳು. ರಸ್ತೆಯಲ್ಲಿ ನಿಂತು ಮೇಲೆ ನೋಡಿದಳು.

“ಇವಳು ಯಾರು? ಎಲ್ಲೋ ನೋಡಿದ ಹಾಗಿದೆ,” ಎಂದಳು.

ಉಳಿದ ಮಕ್ಕಳು ನಕ್ಕರು. ಹುಡುಗಿ ಕೆಳಗಿಳಿದು ಕುಂಚವನ್ನು ಚಿತ್ರಗಾರ್ತಿಯ ಕೈಗೆ ಕೊಟ್ಟಳು. “ನನ್ನ ಕೈಲಾಗುವುದಿಲ್ಲ, ಟೀಚರ್. ನೀವೇ ಬರೆಯಿರಿ. ನಾನು ಇನ್ನು ಬರುವುದಿಲ್ಲ,” ಎಂದಳು.

ಬೇಕರಿಯವನೂ ಅದನ್ನೇ ಹೇಳಿದ. ನಿಮಗೆ ಅದು ಎಷ್ಟು ಹೊತ್ತಿನ ಕೆಲಸ, ನಾಳೆ ಜನ ಬರುತ್ತಾರೆ, ಮುಗಿಸಿಬಿಡಿ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಚಿತ್ರಗಾರ್ತಿಯ ಕೈ ಪಳಗಿದ ಕೈ. ತಿದ್ದಲು ಅದೂ ತುರಿಸಿರಬೇಕು.

ಅವಳು ಆಗ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಕೈಮುಗಿಯಬೇಕೆನ್ನಿಸುತ್ತದೆ. ಕುಂಚವನ್ನು ನೀರಿನ ಡಬ್ಬಿಯಲ್ಲಿಟ್ಟಳು. ಹುಡುಗಿಯನ್ನೂ ಅಜ್ಜಿಯನ್ನೂ ಕರೆದುಕೊಂಡು ರಸ್ತೆ ದಾಟಿ, ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿದಳು. “ಅಜ್ಜಿಯನ್ನು ನೋಡು. ಗೋಡೆಯನ್ನು ನೋಡು. ಏನು ಕಾಣುತ್ತದೋ ನೀನೇ ಹೇಳು,” ಎಂದು ತಾನೂ ಪಕ್ಕದಲ್ಲಿ ಕುಳಿತಳು. ಬಸ್ಸುಗಳು ಬಂದವು, ಹೋದವು.

ಬಹಳ ಹೊತ್ತಿನ ಮೇಲೆ ಹುಡುಗಿ ಹೇಳಿದಳು: “ಯಾರೋ ನೆತ್ತಿಯ ಮೇಲೆ ಕೈಯಿಟ್ಟು ಒತ್ತಿದ ಹಾಗಿದೆ. ಅಜ್ಜಿ ಕುಗ್ಗಿ ನಿಂತಿದ್ದಾಳೆ.”

“ಹೊಲದಲ್ಲಿ ಬಗ್ಗಿದ್ದು ಸಾಕು ಕಣೇ,” ಎಂದಳು ಅಜ್ಜಿ. “ಗೋಡೆಯ ಮೇಲಾದರೂ ನೆಟ್ಟಗೆ ನಿಲ್ಲಿಸು.”

ಹುಡುಗಿ ಎದ್ದು ಒಬ್ಬಳೇ ರಸ್ತೆ ದಾಟಿದಳು. ಸಾರುವೆ ಹತ್ತಿ, ತಾನು ಬರೆದ ಹಣೆಯ ಮೇಲೆ ತಾನೇ ಬಿಳಿ ಬಣ್ಣ ಬಳಿದಳು. ಅದು ಒಣಗುವಷ್ಟರಲ್ಲಿ ಕತ್ತಲಾಯಿತು.

ಮರುದಿನ ಕೇರಿಯೆಲ್ಲ ಬಂದು ಸೇರಿತು. ಗೋಡೆಯ ತುದಿಯ ಮುಖಕ್ಕೆ ಇನ್ನೂ ಹಣೆಯಿರಲಿಲ್ಲ. ಹುಡುಗಿ ಮೇಲೆ ನಿಂತು, ಈ ಸಲ ಅದನ್ನು ಉದ್ದವಾಗಿಯೇ ಬರೆಯುತ್ತಿದ್ದಳು. ಚಿತ್ರಗಾರ್ತಿ ಕೆಳಗೆ ನಿಂತು ಬಣ್ಣ ಕಲಸಿ ಕೊಡುತ್ತಿದ್ದಳು. ಬೇಕರಿಯವನು ಮುಖ ಊದಿಸಿಕೊಂಡಿದ್ದ. ಹುಡುಗಿ ಒಂದೆರಡು ಗೆರೆ ಎಳೆಯುವುದು, ಇಳಿಯುವುದು, ರಸ್ತೆ ದಾಟಿ ನೋಡುವುದು, ಮತ್ತೆ ಹತ್ತುವುದು. ಬಂದವರು ಮನೆಗೆ ಹೋಗಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕುಳಿತು, ಬಸ್ಸಿಳಿದವರಿಗೆಲ್ಲ ಕೈ ತೋರಿಸಿ ಹೇಳುತ್ತಿದ್ದಳು: “ಅಲ್ಲಿ ಮೇಲಿರುವ ಇಬ್ಬರೂ ನಮ್ಮ ಮನೆಯವರು.”

ಸಂಜೆಯ ಹೊತ್ತಿಗೆ ಅಜ್ಜಿ ಗೋಡೆಯ ಮೇಲೆ ತಲೆಯೆತ್ತಿ ನಿಂತಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಕೊನೆಗಾದರೂ ಆ ಚಿತ್ರಗಾರ್ತಿ ಕೈಹಚ್ಚಿ ಒಂದಿಷ್ಟು ತಿದ್ದಿರಬೇಕಲ್ಲವೇ?” ಎಂದು ಕೇಳಿದ.

“ತಿದ್ದಲಿಲ್ಲ ಮಗು, ತಿದ್ದಿಸಿದಳು.”