ಏಳು ಲೇಪದ ಹಲಗೆ

ಹೊಳೆದಂಡೆಯ ಗುಡಿಸಲಲ್ಲಿ ಹೊನ್ನಯ್ಯನವರೆಂಬ ಮುದಿ ಚಿತ್ರಗಾರರು ಇದ್ದರು. ಬಣ್ಣದ ಜೊತೆಗೆ ಬಟ್ಟೆಚೂರು, ಬಳೆಗಾಜು, ಮಣಿ, ಕೈಗೆ ಸಿಕ್ಕಿದ್ದೆಲ್ಲ ಹಲಗೆಗೆ ಅಂಟಿಸಿ ಚಿತ್ರ ಮಾಡುತ್ತಿದ್ದರು. ಅವರ ಶಿಷ್ಯೆ ದೇವೀರಮ್ಮ.

ದೇವೀರಮ್ಮನಿಗೆ ಬೇಕಾಗಿದ್ದು ಒಂದೇ ಚಿತ್ರ, ತೀರಿಕೊಂಡ ಅವ್ವನದು. ಅವ್ವನ ಮುಖ ದಿನೇ ದಿನೇ ಮರೆತುಹೋಗುತ್ತಿತ್ತು. ಮೊದಲು ಹುಬ್ಬು ಹೋಯಿತು, ಆಮೇಲೆ ನಗು. ಉಳಿದಿದ್ದು ಅವ್ವನ ಸೀರೆಯ ಅಂಗೈಯಗಲದ ತುಂಡು ಮಾತ್ರ.

ಗುರುಗಳು ಹೊರಗೆ ಹೋದ ಹೊತ್ತು ನೋಡಿ, ಬರೀ ಹಲಗೆಗೇ ಅಂಟು ಬಳಿದು ಆ ತುಂಡನ್ನು ಒತ್ತಿಬಿಟ್ಟಳು. ಬೆಳಗಾಗುವಷ್ಟರಲ್ಲಿ ಅದು ಹಪ್ಪಳದ ಹಾಗೆ ಸುರುಟಿ ನೆಲದಲ್ಲಿ ಬಿದ್ದಿತ್ತು. ಅಯ್ಯೋ, ಅವಳಿಗೆ ಜೀವವೇ ಬಾಯಿಗೆ ಬಂತು!

"ಹಲಗೆಗೆ ಬಾಯಾರಿತ್ತು ಮಗಳೇ," ಅಂದರು ಗುರುಗಳು. "ಅಂಟನ್ನೆಲ್ಲ ಅದೇ ಕುಡಿದುಬಿಡ್ತು."

ಹುಣಸೆಬೀಜದ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಅವಳ ಮುಂದಿಟ್ಟರು.

"ಏಳು ಲೇಪ ಹಾಕು. ಒಂದೊಂದೂ ಒಣಗಬೇಕು, ಒಣಗಿದ ಮೇಲೆ ಕಲ್ಲಲ್ಲಿ ಉಜ್ಜಿ ನುಣುಪು ಮಾಡಬೇಕು. ಕೈಯನ್ನ ನಂಬಬೇಡ, ಕೆನ್ನೆ ಇಟ್ಟು ನೋಡು. ತಣ್ಣಗಿದ್ದರೆ ಇನ್ನೂ ಹಸಿ ಅಂತ."

"ಅಷ್ಟರೊಳಗೆ ಅವ್ವನ ಮುಖ ಪೂರ್ತಿ ಹೋಗಿರುತ್ತೆ ಗುರುಗಳೇ!"

"ಹೋದರೆ ಹೋಗಲಿ. ನೀನು ಉಜ್ಜು."

ಎಂಥ ಕಲ್ಲೆದೆಯಪ್ಪಾ ಇದು ಅಂತ ಮನಸ್ಸಿನಲ್ಲೇ ಬೈದುಕೊಂಡಳು. ಮೂರನೆಯ ಲೇಪ ಕೆನ್ನೆಗೆ ತಣ್ಣಗೇ ಇತ್ತು. ಆತುರ ನೋಡಿ, ಅದರ ಮೇಲೇ ನಾಲ್ಕನೆಯದನ್ನು ಬಳಿದಳು. ಎರಡು ದಿನಕ್ಕೆ ಹಲಗೆಯೆಲ್ಲ ಬಿರುಕು.

ಗುರುಗಳು ಉಳಿ ತಂದು ಮರ ಕಾಣುವವರೆಗೂ ಕೆರೆದು ಹಾಕಿದರು. ದೇವೀರಮ್ಮ ಅಲ್ಲೇ ಕೂತು ಗೋಳೋ ಅಂತ ಅತ್ತಳು. ಅತ್ತು ಮುಗಿದ ಮೇಲೆ ಅವರು ಕುಂಚವನ್ನು ಅವಳ ಕೈಗೆ ಕೊಟ್ಟರು.

ಮತ್ತೆ ಮೊದಲಿಂದ ಶುರುವಾಯಿತು. ಬಳಿ, ಒಣಗಿಸು, ಉಜ್ಜು. ಕೂದಲಿಗೆ, ರೆಪ್ಪೆಗೆ ಬಿಳಿ ಧೂಳು ಕೂತಿತು. ಹೊಳೆಯ ಮೇಲೆ ಮಂಜು, ತೊಡೆಯ ಮೇಲೆ ಹಲಗೆ, ಎರಡೂ ಬಿಳಿ. ಯಾವುದು ಎಲ್ಲಿ ಮುಗಿಯಿತೋ ಅವಳಿಗೆ ತಿಳಿಯುತ್ತಿರಲಿಲ್ಲ. ದಿನ ಎಣಿಸುವುದೂ ಮರೆತೇಹೋಯಿತು.

ಒಂದು ಮಧ್ಯಾಹ್ನ ಕಣ್ಣು ಎಳೆಯಿತು. ಕೈ ಮಾತ್ರ ತನ್ನ ಪಾಡಿಗೆ ಉಜ್ಜುತ್ತಲೇ ಇತ್ತು. ಹಾಗೆಯೇ ಯಾರೋ ಅವಳ ಬೆನ್ನಿಗೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದರು.

"ಹೂಂ, ಈ ಕಡೆ ತಿರುಗೇ," ಅಂದಳು ಅವ್ವ.

ತಿರುಗಿದಳು. ಹುಬ್ಬು ಇತ್ತು. ನಗುವೂ ಇತ್ತು.

ಏಳನೆಯ ಲೇಪ ಒಣಗಿದ ದಿನ ಕೆನ್ನೆ ಇಟ್ಟು ನೋಡಿದಳು. ಹಲಗೆ ಬೆಚ್ಚಗಿತ್ತು. ಅಂಟು ಹಚ್ಚಿ, ಸೀರೆಯ ತುಂಡನ್ನು ಇಟ್ಟು, ಅಂಗೈಯಿಂದ ಒತ್ತಿ ಹಿಡಿದಳು.

ಬಿಸಿಲು ಬಾಗಿಲಿನಿಂದ ಗೋಡೆಗೆ ಸರಿಯಿತು. ದೇವೀರಮ್ಮ ಕೈ ಎತ್ತಲಿಲ್ಲ.

"ಅಂಟು ಆಗಲೇ ಒಣಗಿದೆ," ಅಂದರು ಗುರುಗಳು.

"ಗೊತ್ತು ಗುರುಗಳೇ. ಕೈ ತೆಗೆದರೆ ಬಿದ್ದುಹೋಗುತ್ತೇನೋ ಅಂತ ಭಯ."

ಗುರುಗಳು ಬಂದು ಅವಳ ಪಕ್ಕದಲ್ಲಿ ಕೂತರು.

"ಇಷ್ಟು ದಿನ ನೀನೊಬ್ಬಳೇ ಹಿಡ್ಕೊಂಡಿದ್ದೆ ಮಗಳೇ. ಇನ್ನು ಹಲಗೆಯೂ ಹಿಡ್ಕೊಳ್ಳಲಿ, ಕೈ ತೆಗಿ."