ಸೊನ್ನೆಯ ಜಾಗದಲ್ಲಿ ಒಂದು

ಶಿಷ್ಯ ಕೇಳಿದ: "ಗುರುಗಳೇ, ಮತಯಂತ್ರ ಎಣಿಸಿ ಮುಗಿಸಿದ ಮೇಲೂ ಕಾಗದದ ಚೀಟಿಗಳನ್ನು ಎಣಿಸಿ ಎಂದು ಕೆಲವರು ಹಟ ಹಿಡಿಯುತ್ತಾರೆ. ಗೆದ್ದವನು ಹೇಗೂ ಗೆದ್ದಿರುತ್ತಾನೆ. ಒಂದು ಓಟಿನ ಲೆಕ್ಕ ಯಾರಿಗೆ ಬೇಕು?"

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ಬೀದಿಗೆ ನಲ್ಲಿ ನೀರು ಬರುತ್ತಿರಲಿಲ್ಲ. ಕೇಳಿ ಕೇಳಿ ಸಾಕಾಗಿ ಪುರಸಭೆಯ ಚುನಾವಣೆಗೆ ತಾನೇ ನಿಂತಳು. ನಮ್ಮ ಓಟು ನಿನಗೇ ಎಂದು ಬೀದಿಯವರೆಲ್ಲ ಹೇಳಿದರು. ಎಣಿಕೆಯ ದಿನ ಅವಳ ಹೆಸರಿನ ಮುಂದೆ ಸೊನ್ನೆ ಬಂತು.

ಜನ ನಕ್ಕರು. ಅವಳನ್ನು ಚುಚ್ಚಿದ್ದು ಸೋಲಲ್ಲ. ತನ್ನ ಗುರುತಿನ ಗುಂಡಿಯನ್ನು ತಾನೇ ಒತ್ತಿದ್ದಳು. ಗಾಜಿನ ಹಿಂದೆ ಚೀಟಿ ಕಾಣಿಸಿಕೊಂಡು ಕೆಳಗೆ ಬಿದ್ದದ್ದನ್ನೂ ನೋಡಿದ್ದಳು. ಅಧಿಕಾರಿಯ ಬಳಿ ಹೋಗಿ ಹೇಳಿದಳು.

"ಯಂತ್ರ ತಪ್ಪುವುದಿಲ್ಲಮ್ಮ. ನೀವೇ ಬೇರೆ ಗುಂಡಿ ಒತ್ತಿರಬೇಕು," ಎಂದ ಅವನು.

ಓಟು ಹಾಕುವಾಗ ಮರೆಯೊಳಗೆ ಅವಳೊಬ್ಬಳೇ ಇದ್ದಳು. ಸಾಕ್ಷಿ ಹೇಳುವವರಿರಲಿಲ್ಲ.

ಅವಳ ಗಂಡನ ಓಟೂ ಅದೇ ಮತಗಟ್ಟೆಯಲ್ಲಿತ್ತು. "ನಾನೂ ನಿನಗೇ ಒತ್ತಿದ್ದೇನೆ. ಯಂತ್ರವೇ ಕೆಟ್ಟಿದೆ," ಎಂದ. ಆ ಮಾತನ್ನು ನೆಚ್ಚಿಕೊಂಡು ಅವಳು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಎರಡು ವರ್ಷ ಅಲೆದಳು. ಇವಳು ನಮ್ಮ ಓಟನ್ನು ಕೆದಕಲು ಹೊರಟಿದ್ದಾಳೆ ಎಂದು ಬೀದಿಯವರು ಮಾತು ಬಿಟ್ಟರು. ಹೊಲಿಯಲು ಬಟ್ಟೆ ಕೊಡುವುದನ್ನೂ ಬಿಟ್ಟರು.

ಕೊನೆಗೆ ನ್ಯಾಯಾಧೀಶರು ಆ ಮತಗಟ್ಟೆಯ ಚೀಟಿಗಳನ್ನು ಎಣಿಸಲು ಹೇಳಿದರು. ಅವಳ ಗುರುತಿದ್ದ ಚೀಟಿ ಒಂದೇ ಒಂದು ಸಿಕ್ಕಿತು. ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಫಲಿತಾಂಶ ಬದಲಾಗುವುದಿಲ್ಲ, ಆದರೆ ಸೊನ್ನೆಯ ಜಾಗದಲ್ಲಿ ಒಂದು ಎಂದು ಬರೆಯತಕ್ಕದ್ದು ಎಂದು ಆದೇಶವಾಯಿತು.

ಅವಳು ಮನೆಗೆ ಬಂದಳು.

"ಎಷ್ಟು ಬಂತು?" ಎಂದು ಗಂಡ ಕೇಳಿದ.

"ಒಂದು."

ನಿನ್ನ ಓಟು ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ತಟ್ಟೆ ಇಟ್ಟು ಅವನಿಗೆ ಬಡಿಸಿದಳು. ಆಮೇಲೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಲಿಯಲು ಏನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವಳು ಸುಮ್ಮನೆ ಇದ್ದುಬಿಟ್ಟಿದ್ದರೆ ಚೆನ್ನಾಗಿತ್ತಲ್ಲವೇ?"

"ಚೆನ್ನಾಗಿತ್ತು," ಎಂದರು ಗುರುಗಳು, "ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ."