ಸುಂಡಿಲಿಯ ತಲೆಗೆ ಸಂಕವ್ವ ಹೆಣೆದ ಜರಡಿ

ಭೂಮಿ ಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಮರಿಗೆ ಹಾಲೂಡುವ ಪ್ರಾಣಿಗಳಿಗೆಲ್ಲ ಕಿವಿ ಬಂದಾಗಿತ್ತು, ಆದರೆ ಕೇಳಿದ್ದನ್ನು ಎಲ್ಲಿಡಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ತಲೆಯ ನಟ್ಟನಡುವೆ ಒಂದು ನಡುಮನೆ ಇತ್ತು. ಕಿವಿಯಿಂದ ಬಂದ ಸದ್ದುಗಳೆಲ್ಲ ಅಲ್ಲಿಗೇ ನುಗ್ಗುತ್ತಿದ್ದವು. ಗುಡುಗು ಬಂದರೂ ಅಲ್ಲೇ, ಹೊಳೆ ಬಂದರೂ ಅಲ್ಲೇ, ಸೊಳ್ಳೆ ಬಂದರೂ ಅಲ್ಲೇ. ನಮ್ಮೂರಿನ ಬಸ್ಸಿಗೆ ಜನ ಹತ್ತುವುದನ್ನು ನೋಡಿದ್ದೀಯಲ್ಲ, ಹಾಗೆ. ದಪ್ಪ ಸದ್ದುಗಳು ಆರಾಮಾಗಿ ಕಾಲು ಚಾಚುತ್ತಿದ್ದವು. ಸಣ್ಣ ಸದ್ದುಗಳು ಅವುಗಳ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಗುತ್ತಿದ್ದವು.

ಹೊಳೆಯ ದಂಡೆಯಲ್ಲಿ ಒಂದು ಸುಂಡಿಲಿ ಇತ್ತು. ಅದಕ್ಕೆ ಐದು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ಕೂದಲೂ ಇರಲಿಲ್ಲ. ಒಂದು ಮಧ್ಯಾಹ್ನ ಹೊಳೆ ಏರಿ ಬಂತು. ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ದಿಬ್ಬಕ್ಕೆ ಸಾಗಿಸಿತು. ನಾಲ್ಕು ಸುಖವಾಗಿ ಬಂದವು. ಐದನೆಯದು ಬಾಯಿಂದ ಜಾರಿ, ಎತ್ತರದ ಹುಲ್ಲಿನಲ್ಲಿ ಎಲ್ಲೋ ಬಿದ್ದುಹೋಯಿತು. ನೀರು ಏರುತ್ತಲೇ ಇತ್ತು.

ಮರಿ ಅಳುತ್ತಿದೆ ಅಂತ ತಾಯಿಗೆ ಗೊತ್ತು. ಅಷ್ಟು ಎಳೆಯದು ಅಳದೆ ಇನ್ನೇನು ಮಾಡೀತು? ಆದರೆ ತಲೆ ತುಂಬ ಹೊಳೆಯೇ ಹೊಳೆ.

"ಹೊಳೆಯವ್ವಾ, ಒಂದು ಗಳಿಗೆ ಸುಮ್ಕಿರು. ನನ್ನ ಕೂಸಿನ ದನಿ ಕೇಳ್ಬೇಕು."

"ನಿಂತ್ರೆ ನಾನು ಹೊಳೆ ಹೆಂಗಾದೇನು ತಾಯಿ?" ಎಂದಿತು ಹೊಳೆ.

"ಗಾಳಿಯಣ್ಣಾ, ನೀನಾದ್ರೂ ಒಂದು ಗಳಿಗೆ ಸುಮ್ಕಿರು."

"ನಿಂತ್ರೆ ನಾನು ಗಾಳಿ ಹೆಂಗಾದೇನು ತಂಗಿ?" ಎಂದಿತು ಗಾಳಿ.

ಪಾಪ, ಇಬ್ಬರೂ ಕೆಟ್ಟವರಲ್ಲ. ಅವರ ಕೆಲಸವೇ ಅದು.

ದಿಬ್ಬದ ಮೇಲೆ ಸಂಕವ್ವ ತನ್ನ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬಿದಿರು ಸೀಳುತ್ತಾ ಕೂತಿದ್ದಳು. ಮೇದರ ಹೆಂಗಸು. ಬುಟ್ಟಿ, ಮೊರ, ಜರಡಿ ಹೆಣೆಯುವುದರಲ್ಲಿ ಅವಳದು ಎತ್ತಿದ ಕೈ.

"ಯಾಕವ್ವಾ, ಹಿಂಗೆ ಗೋಳಾಡ್ತಾ ಓಡಾಡ್ತಿದ್ದೀಯ?"

"ಸಂಕಕ್ಕಾ, ನನ್ನ ಕೂಸು ಹುಲ್ಲೊಳಗೆ ಬಿದ್ದೋಗದೆ. ಅಳ್ತಾ ಅದೆ. ಹೊಳೆ ಸದ್ದಲ್ಲಿ ನಂಗೆ ಏನೂ ಕೇಳ್ತಿಲ್ಲ."

ಸಂಕವ್ವ ಕಿವಿಗೊಟ್ಟು ಆಲಿಸಿದಳು. ಅವಳಿಗೂ ಏನೂ ಕೇಳಲಿಲ್ಲ. ಬೇರೆಯವರಾಗಿದ್ದರೆ 'ಯಾವ ಅಳುವೂ ಇಲ್ಲ, ಹೋಗು' ಅನ್ನುತ್ತಿದ್ದರು. ಅವಳು ಹಾಗನ್ನಲಿಲ್ಲ, ಅದಕ್ಕೇ ನನಗೆ ಅವಳೆಂದರೆ ಅಷ್ಟು ಇಷ್ಟ.

"ಹೆತ್ತವಳು ನೀನು ಅಳ್ತದೆ ಅಂದ್ರೆ ಅಳ್ತದೆ. ದಪ್ಪದ್ದೂ ಸಣ್ಣದ್ದೂ ಕಲಸ್ಕೊಂಡದೆ, ಅಷ್ಟೇ. ಬಾ, ತಲೆ ಕೊಡು."

ಬಿದಿರನ್ನು ಕೂದಲೆಳೆಗಿಂತ ತೆಳ್ಳಗೆ ಸೀಳಿದಳು. ಎಳ್ಳುಕಾಳಿನಷ್ಟು ಪುಟ್ಟ ಜರಡಿಗಳನ್ನು ಹೆಣೆದಳು. ಒಂದರ ಕಣ್ಣು ದೊಡ್ಡದು, ಇನ್ನೊಂದರದು ಅದಕ್ಕಿಂತ ಸಣ್ಣದು, ಮತ್ತೊಂದರದು ಇನ್ನೂ ಸಣ್ಣದು. ಆ ಬೆರಳುಗಳ ಓಟ ನೋಡಲು ಸೂರ್ಯನೇ ಸ್ವಲ್ಪ ಬಗ್ಗಿದನಂತೆ. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ, ಸುಂಡಿಲಿಯ ಕಿವಿಯಿಂದ ನಡುಮನೆಗೆ ಇಳಿಸಿದಳು.

"ಅಯ್ಯೋ ಅಕ್ಕಾ! ಈಗ ಬರೀ ಹೊಳೆ, ಬೇರೇನೂ ಇಲ್ಲ!"

ನೀರು ಆಗಲೇ ದಿಬ್ಬದ ಬುಡ ಮುಟ್ಟಿತ್ತು. ಸಂಕವ್ವ ಹಣೆ ಚಚ್ಚಿಕೊಂಡಳು. ಸಂತೆಗೆ ಹೊರಡುವಾಗ ಅವಳು ತನ್ನ ಅತಿ ನಯವಾದ ಜರಡಿಯನ್ನು ಎಲ್ಲಕ್ಕಿಂತ ಮೇಲೆ ಇಡುತ್ತಿದ್ದಳು, ಕೊಳ್ಳುವವರ ಕಣ್ಣು ಮೊದಲು ಅದರ ಮೇಲೇ ಬೀಳಲಿ ಅಂತ. ಇಲ್ಲೂ ಕೈ ಅದೇ ಚಾಳಿಯಲ್ಲಿ ಜೋಡಿಸಿಬಿಟ್ಟಿತ್ತು! ಹೊಳೆಯ ಸದ್ದು ಮೇಲಿನ ಸಣ್ಣ ಕಣ್ಣುಗಳನ್ನೆಲ್ಲ ಮುಚ್ಚಿ ಕೂತಿತ್ತು.

"ನನ್ನ ಬುದ್ಧಿಗಿಷ್ಟು! ಇದೇನು ಸಂತೆಯಾ?" ಎನ್ನುತ್ತಾ ಇಡೀ ಅಟ್ಟಿಯನ್ನು ತಲೆಕೆಳಗು ಮಾಡಿದಳು.

ಹೊಳೆಯ ಸದ್ದು ಮೊದಲ ಜರಡಿಯಲ್ಲಿ ನಿಂತಿತು. ಗಾಳಿಯದು ಎರಡನೆಯದರಲ್ಲಿ ನಿಂತಿತು. ಕಪ್ಪೆಯದು ಮೂರನೆಯದರಲ್ಲಿ, ಜೀರುಂಡೆಯದು ಇನ್ನೂ ಕೆಳಗೆ ನಿಂತಿತು. ಎಲ್ಲಕ್ಕಿಂತ ಆಳದ, ಎಲ್ಲಕ್ಕಿಂತ ನಯವಾದ ಜರಡಿಗೆ ಒಂದೇ ಒಂದು ಸದ್ದು ಇಳಿದು ಬಂತು.

ಮರಿಯ ಅಳು.

ಹೊಳೆ ಸುಮ್ಮನಾಗಿರಲಿಲ್ಲ, ಗಾಳಿಯೂ ಸುಮ್ಮನಾಗಿರಲಿಲ್ಲ. ಎಲ್ಲವೂ ಕೇಳುತ್ತಿತ್ತು, ಆದರೆ ಒಂದೊಂದೂ ತನ್ನ ತನ್ನ ಜಾಗದಲ್ಲಿ. ಸುಂಡಿಲಿ ಬಾಣದ ಹಾಗೆ ಹುಲ್ಲಿಗೆ ನುಗ್ಗಿತು. ಕುತ್ತಿಗೆ ಮಟ್ಟದ ನೀರಿನಲ್ಲಿ ಹುಲ್ಲುಕಡ್ಡಿಗೆ ಆತುಕೊಂಡಿದ್ದ ಮರಿಯನ್ನು ಕಚ್ಚಿಕೊಂಡು ಬಂದು, ಸಂಕವ್ವನ ಮಡಿಲಲ್ಲೇ ಹಾಕಿ ನೆಕ್ಕತೊಡಗಿತು. ಸಂಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸುದ್ದಿ ಹಬ್ಬಿತು. ಹಸು ಬಂತು, ಬೆಕ್ಕು ಬಂತು, ನಾಯಿ ಬಂತು. "ಮೇಲಿನ ಜರಡಿ ಅಗಲವಾಗಿರಲಿ" ಎಂದಿತು ಆನೆ. "ನನಗೆ ಕೆಳಗಿನವೇ ಹೆಚ್ಚಿರಲಿ" ಎಂದಿತು ಬಾವಲಿ. ಸಂಕವ್ವ ಯಾರಿಗೂ ಇಲ್ಲ ಅನ್ನಲಿಲ್ಲ. ಕೊನೆಗೆ ತನಗೆ ಹೆಣೆದುಕೊಳ್ಳಲು ಕೂತಾಗ ಬಿದಿರು ಕಮ್ಮಿ ಬಿತ್ತು, ಅತಿ ಆಳದ ಜರಡಿಗಳು ಆಗಲಿಲ್ಲ. ಆದ್ದರಿಂದ ಸುಂಡಿಲಿ ಮರಿಯ ಆ ಅಳು ಮನುಷ್ಯರಿಗೆ ಇವತ್ತಿಗೂ ಕೇಳಿಸುವುದಿಲ್ಲ.

"ಹೋಗ್ಲಿ ಬಿಡು, ನನ್ನ ಕೂಸಿನ ದನಿಗೆ ಇಷ್ಟು ಸಾಕು" ಎಂದು ನಕ್ಕಳು ಸಂಕವ್ವ.

ಅಂದಿನಿಂದ ತಲೆಯ ನಡುಮನೆಯಲ್ಲಿ ದಪ್ಪ ಸದ್ದು ಮೇಲೆ, ಸಣ್ಣ ಸದ್ದು ಆಳದಲ್ಲಿ, ಪದರ ಪದರವಾಗಿ ಕೂರುತ್ತವೆ. ಅದಕ್ಕೇ ನೋಡು, ಮಿಕ್ಸಿ ಗರಗರ ಅನ್ನುತ್ತಿದ್ದರೂ, ತೊಟ್ಟಿಲಲ್ಲಿ ನಿನ್ನ ತಂಗಿ ಒಮ್ಮೆ ಕುಂಯ್ ಅಂದರೆ ಸಾಕು, ಅಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾಳೆ.